ಹೋಳಿಗೆಯನ್ನು ಬಿಡಿ, ಬಿಸ್ಕತ್ತಿನ ಡಬ್ಬಿ ನೋಡಿ

ಹಬ್ಬ ಬಂದರೆ ಸಾಕು, ಮನೆಯಲ್ಲಿ ಒಬ್ಬರಾದರೂ ಮಕ್ಕಳನ್ನು ಗದರುತ್ತಾರೆ: "ಹೋಳಿಗೆ ಜಾಸ್ತಿ ತಿನ್ನಬೇಡ, ಹಲ್ಲು ಹುಳುಕಾಗುತ್ತೆ." ಅದೇ ಮನೆಯಲ್ಲಿ ವರ್ಷವಿಡೀ ಬೆಳಿಗ್ಗೆ ಹಾಲಿನ ಜೊತೆ ಬಿಸ್ಕತ್ತು, ಸ್ಕೂಲ್ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತು, ಸಂಜೆ ರಸ್ಕು, ಟ್ಯೂಷನ್‌ಗೆ ಹೊರಟಾಗ ಕೈಗೊಂದು ಚಾಕೊಲೇಟ್. ಅದರ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ನನ್ನ ಪ್ರಕಾರ ಹಲ್ಲಿನ ವಿಷಯದಲ್ಲಿ ನಾವು ಕಳ್ಳನನ್ನು ಬಿಟ್ಟು ನೆಂಟನನ್ನು ಹಿಡಿದುಕೊಂಡಿದ್ದೇವೆ. ಊಟದ ಜೊತೆ ತುಪ್ಪ ಹಾಕಿಕೊಂಡು ಎರಡು ಹೋಳಿಗೆ ತಿಂದರೆ ಅಷ್ಟೇನೂ ಆಗುವುದಿಲ್ಲ. ದಿನಕ್ಕೆ ಐದಾರು ಸಲ "ಒಂಚೂರು, ಒಂಚೂರು" ಅಂತ ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಹಲ್ಲು ಹಾಳಾಗುವುದು ಅದರಿಂದ.

ಬಾಯಿಯೊಳಗೆ ನಡೆಯುವುದು ಇಷ್ಟು. ಹಲ್ಲಿನ ಮೇಲೆ ಅಂಟಿಕೊಂಡ ಬಿಳಿ ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. (ಹುಳ ಅನ್ನುವುದು ಏನೂ ಇಲ್ಲ. ಹೊಗೆ ಹಿಡಿದು ಹುಳ ಉದುರಿಸುತ್ತೇವೆ ಅನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ.) ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಬಿಡುತ್ತವೆ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಲು ಶುರು. ಆಮೇಲೆ ನಮ್ಮ ಜೊಲ್ಲು ನಿಧಾನವಾಗಿ ಆಮ್ಲವನ್ನು ತಣಿಸುತ್ತದೆ, ಕರಗಿದ್ದನ್ನು ಅಷ್ಟಿಷ್ಟು ವಾಪಸ್ ಕೂರಿಸುತ್ತದೆ. ಆಮ್ಲ ತಣಿಯುವುದಕ್ಕೇ ಹೆಚ್ಚುಕಡಿಮೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಅಂದರೆ ಒಂದೇ ಊಟಕ್ಕೆ ಕೂತು ಎರಡು ಹೋಳಿಗೆ ತಿಂದರೆ ಹಲ್ಲಿಗೆ ಏಟು ಒಂದೇ. ಅದೇ ಸಿಹಿಯನ್ನು ಚೂರು ಮಾಡಿ ಗಂಟೆಗೊಂದು ಸಲ ತಿಂದರೆ ಜೊಲ್ಲಿಗೆ ರಿಪೇರಿ ಮಾಡಲು ಪುರುಸೊತ್ತೇ ಸಿಗುವುದಿಲ್ಲ. ಆಫೀಸಿನಲ್ಲಿ ದೊಡ್ಡ ಮಗ್ಗಿನ ತುಂಬ ಸಕ್ಕರೆ ಕಾಫಿ ಇಟ್ಟುಕೊಂಡು ಮೀಟಿಂಗ್ ಮುಗಿಯುವ ತನಕ ಹೀರುವವರ ಕಥೆಯೂ ಇದೇ. ಅದಕ್ಕಿಂತ ದರ್ಶಿನಿಯಲ್ಲಿ ನಿಂತು ನಾಲ್ಕೇ ಗುಟುಕಿಗೆ ಮುಗಿಸುವ ಬೈಟು ಕಾಫಿ ಎಷ್ಟೋ ವಾಸಿ.

ಇದು ಸುಮ್ನೆ ಊಹೆಯಲ್ಲ. ಇದಕ್ಕೆ ಸಿಕ್ಕ ದೊಡ್ಡ ಪುರಾವೆ ಮನಸ್ಸಿಗೆ ಹಿಂಸೆಯಾಗುವಂಥದ್ದು. ಸ್ವೀಡನ್ನಿನ ಲುಂಡ್ ಊರಿನಲ್ಲಿ ವಿಪೆಹೋಲ್ಮ್ ಅನ್ನುವ ಆಸ್ಪತ್ರೆ ಇತ್ತು. ಬುದ್ಧಿಮಾಂದ್ಯರನ್ನು ಇಟ್ಟುಕೊಳ್ಳುತ್ತಿದ್ದ ಜಾಗ. 1940ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ರೋಗಿಗಳ ಮೇಲೆ ಸಕ್ಕರೆಯ ಪ್ರಯೋಗ ನಡೆಸಿದರು. ಕೆಲವರಿಗೆ ಸಕ್ಕರೆಯನ್ನು ಊಟದ ಜೊತೆಯಲ್ಲೇ ಕೊಟ್ಟರು. ಇನ್ನು ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳಲಿ ಅಂತಲೇ ಮಾಡಿಸಿದ ಟಾಫಿಯನ್ನು ಊಟಗಳ ನಡುವೆ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 24 ಟಾಫಿ. ಅವರ ಒಪ್ಪಿಗೆ ಕೇಳಿದವರಿಲ್ಲ, ಬೇಡ ಅನ್ನುವ ಶಕ್ತಿ ಅವರಿಗೂ ಇರಲಿಲ್ಲ. ಎಷ್ಟೋ ಜನರ ಹಲ್ಲು ಪೂರ್ತಿ ಹಾಳಾಯಿತು. 1954ರಲ್ಲಿ ಫಲಿತಾಂಶ ಪ್ರಕಟವಾಯಿತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಸ್ವಲ್ಪ ಮಾತ್ರ. ನಡುವೆ ನಡುವೆ ಟಾಫಿ ಜಗಿದವರಲ್ಲಿ ವಿಪರೀತ.

ಇವತ್ತು ಅಂಥ ಪ್ರಯೋಗಕ್ಕೆ ಯಾವ ದೇಶದಲ್ಲೂ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಆದರೆ ಸ್ವೀಡನ್ನಿನವರು ಅದರಿಂದ ಒಂದು ರೂಢಿ ಮಾಡಿಕೊಂಡರು. ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ತಿನ್ನುವುದನ್ನು ಒಂದೇ ದಿನ ತಿಂದು ಮುಗಿಸಲಿ ಅಂತ. ಇವತ್ತಿಗೂ ಅಲ್ಲಿ ಶನಿವಾರ ಅಂದರೆ ಮಿಠಾಯಿ ದಿನ. ಬೇರೆಯವರ ಹಲ್ಲು ಬಲಿಕೊಟ್ಟು ಕಲಿತ ಪಾಠವನ್ನು ನಾವು ಬಿಟ್ಟಿಯಾಗಿ ಬಳಸಬಹುದು. ಯಾಕೋ ಬಳಸುತ್ತಿಲ್ಲ.

ಹಾಗಂತ ಪ್ರಮಾಣ ಲೆಕ್ಕಕ್ಕೇ ಇಲ್ಲ ಅಂತ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿನಲ್ಲಿ ಸಕ್ಕರೆ ಸಿಗುವುದೇ ಕಷ್ಟವಾದಾಗ ಅಲ್ಲಿನ ಮಕ್ಕಳ ಹುಳುಕು ಹಲ್ಲು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಕೂಡ ಪ್ರಮಾಣದ ಮಾತೇ. ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಶೇ. 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚ. ಈ ಶೇ. 5ರ ಮಾತು ಹೇಳುವಾಗ ಅವರ ಕಣ್ಣ ಮುಂದೆ ಇದ್ದದ್ದು ಬೊಜ್ಜಿಗಿಂತ ಹೆಚ್ಚಾಗಿ ಹುಳುಕು ಹಲ್ಲು. ನಮ್ಮಲ್ಲಿ ಕಾಫಿ, ಟೀ ಲೆಕ್ಕದಲ್ಲೇ ಆರು ಚಮಚ ದಾಟುವವರು ಕಮ್ಮಿ ಏನಿಲ್ಲ.

ಈಗ ಬೆಲ್ಲದ ವಿಷಯ. ಇದನ್ನು ಬರೆದರೆ ಬೈಸಿಕೊಳ್ಳುತ್ತೇನೆ ಅಂತ ಗೊತ್ತು, ಬರೆಯುತ್ತೇನೆ. "ನಾವು ಸಕ್ಕರೆ ಬಿಟ್ಟಿದ್ದೇವೆ, ಎಲ್ಲಾ ಬೆಲ್ಲವೇ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ರುಚಿಗೆ ಬಳಸಿ, ಚಂದವೇ. ಆದರೆ ಬ್ಯಾಕ್ಟೀರಿಯಾಕ್ಕೆ ಆರ್ಗ್ಯಾನಿಕ್ ಅಂಗಡಿಯ ಬಿಲ್ ಓದಲು ಬರುವುದಿಲ್ಲ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಬಿಳಿ ಸಕ್ಕರೆಯಲ್ಲೂ ಅದೇ. ಜೇನುತುಪ್ಪಕ್ಕೂ ವಿನಾಯಿತಿ ಇಲ್ಲ. ಖರ್ಜೂರ, ಒಣದ್ರಾಕ್ಷಿ ಹಲ್ಲಿನ ಸಂದಿಗೆ ಅಂಟಿಕೊಂಡು ಕೂರುತ್ತವೆ. ಹಣ್ಣನ್ನು ಕಚ್ಚಿ ತಿಂದರೆ ಚಿಂತೆಯಿಲ್ಲ, ಜ್ಯೂಸ್ ಮಾಡಿ ಹೀರಿದರೆ ಕಥೆ ಬೇರೆ.

ಎಲ್ಲಕ್ಕಿಂತ ನನಗೆ ಕಳವಳ ಪುಟ್ಟ ಮಕ್ಕಳದು. ರಾತ್ರಿ ಮಲಗಿಸುವಾಗ ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು, ಇಲ್ಲವೇ ಬೆಲ್ಲದ ರಾಗಿ ಮಾಲ್ಟ್ ಕೊಟ್ಟು, ಬಾಟಲಿ ಬಾಯಲ್ಲಿರುವಾಗಲೇ ಮಗು ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ. ಆ ಹಾಲು ಮುಂದಿನ ಮೇಲ್ದವಡೆಯ ಹಲ್ಲುಗಳ ಮೇಲೆ ಗಂಟೆಗಟ್ಟಲೆ ನಿಲ್ಲುತ್ತದೆ. ಎರಡು ಮೂರು ವರ್ಷದ ಮಕ್ಕಳ ಮುಂದಿನ ಹಲ್ಲು ಕಪ್ಪಾಗಿ ಸವೆದಿರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? "ಹಾಲು ಹಲ್ಲು ತಾನೇ, ಹೇಗೂ ಬೀಳುತ್ತೆ" ಅನ್ನುತ್ತಾರೆ. ಬೀಳುವುದು ನಿಜ. ಆದರೆ ಹಾಲು ದವಡೆ ಹಲ್ಲು ಕೆಲವು ಹತ್ತು ಹನ್ನೆರಡು ವರ್ಷದ ತನಕ ಇರಬೇಕು. ಅಷ್ಟು ವರ್ಷ ಮಗು ನೋವಿನಲ್ಲಿ ಜಗಿಯಬೇಕಾ?

ಸಿಹಿ ಅಲ್ಲದ್ದೂ ಇದೆ. ಬೇಯಿಸಿದ ಪಿಷ್ಟವೂ ಬಾಯಲ್ಲಿ ಸಕ್ಕರೆಯಾಗಿ ಒಡೆಯುತ್ತದೆ. ಚಿಪ್ಸ್, ಮೈದಾ ಬಿಸ್ಕತ್ತು ದವಡೆ ಹಲ್ಲಿನ ಗುಳಿಯಲ್ಲಿ ಮೆತ್ತಿಕೊಂಡು ಬಹಳ ಹೊತ್ತು ಇರುತ್ತವೆ. ಹಸಿವಾದಾಗ ಹುರಿದ ಕಡಲೆಕಾಯಿ ಬೀಜ, ಸೌತೆಕಾಯಿ, ಬೇಯಿಸಿದ ಮೊಟ್ಟೆ ಇಂಥವು ಹಲ್ಲಿಗೆ ಎಷ್ಟೋ ಮೇಲು. ಬಾಳೆಎಲೆ ಊಟದಲ್ಲಿ ಸಿಹಿ ನಡುವೆ ಬಂದು, ಕೊನೆಗೆ ಮಜ್ಜಿಗೆ ಅನ್ನ ಬರುತ್ತದಲ್ಲ, ಆ ಕ್ರಮ ನನಗೆ ಇಷ್ಟ. ಮಜ್ಜಿಗೆ ಹುಳಿಯಾದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಇರುವುದರಿಂದ ನಿಂಬೆ ಪಾನಕದ ಹಾಗೆ ಎನಾಮಲ್ ಕರಗಿಸುವುದಿಲ್ಲ. ಅಂದಹಾಗೆ, ಬೆಳಿಗ್ಗೆ ಎದ್ದು ನಿಂಬೆರಸ ಕುಡಿದು ಕೂಡಲೇ ಬ್ರಷ್ ಮಾಡುವವರು ಅರ್ಧ ಗಂಟೆಯಾದರೂ ತಡೆಯಿರಿ. ಆಮ್ಲಕ್ಕೆ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ತಿಕ್ಕಿದರೆ ಸವೆತ ಜಾಸ್ತಿ. ಸಕ್ಕರೆ ಇಲ್ಲದ ಕೋಲಾ ಕೂಡ ಹುಳಿಯೇ.

ಒಸಡಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಊಟಕ್ಕಿಂತ ಹಲ್ಲುಜ್ಜುವುದೇ ಮುಖ್ಯ ಅನ್ನುವುದನ್ನು ಒಪ್ಪಲೇಬೇಕು. ಒಸಡಿನಲ್ಲಿ ರಕ್ತ ಬಂತು ಅಂತ ಆ ಜಾಗ ಬಿಟ್ಟು ಉಜ್ಜುತ್ತಾರೆ, ಕೊಳೆ ಅಲ್ಲೇ ಕೂತು ಇನ್ನೂ ಊದುತ್ತದೆ. ವಿಟಮಿನ್ ಸಿ ಪೂರ್ತಿ ಇಲ್ಲದಿದ್ದರೆ ಒಸಡು ಕೊಳೆತು ಹಲ್ಲು ಅಲುಗಾಡುವುದು ನಿಜ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಕಿತ್ತಳೆ, ನಿಂಬೆ ಕೊಟ್ಟು ನಾವಿಕರನ್ನು ಸರಿಮಾಡಿದ್ದ. ಸೀಬೆಹಣ್ಣು, ನೆಲ್ಲಿಕಾಯಿ ಸಿಗುವ ನಮ್ಮೂರುಗಳಲ್ಲಿ ಅಂಥ ಕೊರತೆ ಅಪರೂಪ. ನಮ್ಮ ಒಸಡಿಗೆ ದೊಡ್ಡ ಶತ್ರು ಶುಗರ್ ಕಾಯಿಲೆ. ಶುಗರ್ ಹೆಚ್ಚಿದ್ದರೆ ಒಸಡಿನ ಸೋಂಕು ಬೇಗ ಬಲಿಯುತ್ತದೆ. ಒಸಡು ಕೆಟ್ಟಿದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಅಡಿಕೆ ಬಗ್ಗೆ ಒಂದೇ ಮಾತು. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಬೆಳೆಗಾರರ ಸಿಟ್ಟು ಅರ್ಥವಾಗುತ್ತದೆ, ಆದರೆ ದಿನಪೂರ್ತಿ ಅಡಿಕೆ ಜಗಿದು ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲಾಗದವರ ಮುಂದೆ ಆ ವಾದ ಮಾಡುವುದು ಕಷ್ಟ.

ಇಷ್ಟೆಲ್ಲಾ ಹೇಳಿ ಅಮ್ಮಂದಿರನ್ನು ಬೈಯುವುದು ನನಗೆ ಇಷ್ಟವಿಲ್ಲ. ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಓಡುವ ಹೆಂಗಸಿಗೆ ಐದು ರೂಪಾಯಿ ಬಿಸ್ಕತ್ತು ಪ್ಯಾಕೆಟ್ಟಿನಷ್ಟು ಸುಲಭದ ತಿಂಡಿ ಇನ್ನೊಂದಿಲ್ಲ. ಎಲ್ಲಾ ಅಂಗಡಿಯಲ್ಲೂ ಅದು ಕಣ್ಣೆತ್ತರಕ್ಕೇ ನೇತಾಡುತ್ತಿರುತ್ತದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುವ ದಂತ ಭಾಗ್ಯ ಯೋಜನೆ ನಮ್ಮ ಸರ್ಕಾರದ್ದು. ಒಳ್ಳೆಯ ಯೋಜನೆಯೇ. ಆದರೆ ಹಲ್ಲೆಲ್ಲಾ ಉದುರಿದ ಮೇಲೆ ತೋರಿಸುವ ಕಾಳಜಿಯಲ್ಲಿ ಅರ್ಧದಷ್ಟನ್ನು ಒಂದನೇ ಕ್ಲಾಸಿನ ಮಕ್ಕಳ ಬಾಯಿ ನೋಡುವುದಕ್ಕೆ ತೋರಿಸಿದರೆ ಆಗದೇ? ಡೆಂಟಲ್ ಕಾಲೇಜುಗಳಿಗಂತೂ ನಮ್ಮ ರಾಜ್ಯದಲ್ಲಿ ಬರವಿಲ್ಲ.

ಮನೆಮಟ್ಟದಲ್ಲಿ ನಾನು ಕೇಳುವುದು ತೀರಾ ಸಣ್ಣದು. ಸಿಹಿ ನಿಲ್ಲಿಸಬೇಡಿ, ಅದರ ಹೊತ್ತು ಬದಲಿಸಿ. ನೆಂಟರು ತಂದ ಚಾಕೊಲೇಟ್ ಮಧ್ಯಾಹ್ನದ ಊಟ ಆದ ಕೂಡಲೇ ಕೊಡಿ, ಸಂಜೆ ಆಟದ ನಡುವೆ ಬೇಡ. ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಇನ್ನೇನೂ ಇಲ್ಲ. ಮಕ್ಕಳು ಎರಡು ವಾರದಲ್ಲಿ ಹೊಂದಿಕೊಳ್ಳುತ್ತಾರೆ. ಅಜ್ಜ ಅಜ್ಜಿಯರನ್ನು ಒಪ್ಪಿಸಿದವರು ಯಾರಾದರೂ ಇದ್ದರೆ ಹೇಗೆ ಅಂತ ಕೆಳಗೆ ಬರೆಯಿರಿ. ನಮ್ಮ ಮನೆಯಲ್ಲಿ ಆ ಮಾತುಕತೆ ಇನ್ನೂ ನಡೆಯುತ್ತಿದೆ.