ಬ್ಯಾಂಕಾಕಿನಲ್ಲಿ ‘ಬಾ’ ಅನ್ನಬಾರದು

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಆ ಹೆಸರು ಕಂಡ ಕೂಡಲೇ ನನಗೆ ಅರ್ಧ ಭಯ ಹೋಯಿತು. ಅಲ್ಲಿಯವರ ಬಾಯಲ್ಲಿ ಅದು ‘ಸುವನ್ನಫೂಮ್’ ಆಗುತ್ತದೆ, ಆ ಮಾತು ಬೇರೆ. 2024ರ ದಸರಾ ರಜೆ. ನನಗೂ ನನ್ನಾಕೆಗೂ ಮೊದಲ ಫಾರಿನ್ ಟ್ರಿಪ್ಪು. ಆಗ ವೀಸಾ ಬೇಕಿರಲಿಲ್ಲ, ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವುದೇ ಅದಕ್ಕಿಂತ ಜಾಸ್ತಿ ಹೊತ್ತು.

ಹೊರಡುವ ಮುಂಚೆ ಸ್ವಲ್ಪ ಓದಿಕೊಂಡಿದ್ದೆ. ಬ್ಯಾಂಕಾಕ್ ಅನ್ನುವುದು ನಾವು ಹೊರಗಿನವರು ಕರೆಯುವ ಹೆಸರು. ಅವರು ಕರೆಯುವುದು ಕ್ರುಂಗ್ ಥೇಪ್ ಅಂತ, ದೇವರ ನಗರಿ. ಪೂರ್ತಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 168 ಅಕ್ಷರ. ಅದರೊಳಗೆ ರತ್ನ, ಮಹೇಂದ್ರ, ಅಯೋಧ್ಯೆ, ರಾಜಧಾನಿ ಎಲ್ಲ ಇವೆ. ‘ರಾಚ್ಚನಿವೇತ್’ ಅಂತಲೂ ಒಂದು ತುಂಡಿದೆ, ಅಂದರೆ ರಾಜನ ನಿವೇಶನ. ನಮ್ಮ ಕಡೆ ನಿವೇಶನ ಅಂದರೆ ಮೂವತ್ತು ನಲವತ್ತರ ಸೈಟು. ಅವರದು ಅರಮನೆ. ಇರಲಿ, ಪದ ನಮ್ಮದೇ ಅಲ್ವಾ ಅಂತ ಹೆಂಡತಿಗೆ ಹೇಳಿದೆ. “ಭಾಷೆಯ ಚಿಂತೆ ನನಗೆ ಬಿಡು” ಅಂತಲೂ ಅಂದುಬಿಟ್ಟೆ.

ಶನಿವಾರ ಚತುಚಕ್ ಸಂತೆ. ಅಲ್ಲಿ ಆನೆ ಚಿತ್ರದ ಬಳುಕುವ ಪ್ಯಾಂಟುಗಳನ್ನು ರಾಶಿ ಹಾಕಿರುತ್ತಾರೆ. ಒಂದು ತೊಗೊಳ್ಳೋಣ ಅಂತ ನಿಂತೆವು. ಅಷ್ಟರಲ್ಲಿ ಊರಿಂದ ಅಮ್ಮನ ಫೋನು. ಊಟ ಆಯಿತಾ, ಔಷಧಿ ತೊಗೊಂಡೆಯಾ ಅಂತ ಶುರುವಾಯಿತು. ನಾನು “ಹಾ... ಹಾ” ಅನ್ನುತ್ತಿದ್ದೆ. ಅಂಗಡಿಯಾಕೆ ಒಂದು ಬೆರಳೆತ್ತಿ ಕೇಳಿದಳು. ನಾನು ಅಮ್ಮನಿಗೆ “ಹಾ” ಅಂದೆ. ಅವಳಿಗೆ ಭಾರಿ ಸಂತೋಷವಾಯಿತು. ಸರಸರ ಐದು ಪ್ಯಾಂಟು ಮಡಚಿ ಕವರಿಗೆ ಹಾಕಿ, ಕ್ಯಾಲ್ಕುಲೇಟರಿನಲ್ಲಿ 500 ಒತ್ತಿ ಮುಖದ ಮುಂದೆ ಹಿಡಿದಳು. ಥಾಯ್ ಭಾಷೆಯಲ್ಲಿ ‘ಹಾ’ ಅಂದರೆ ಐದು. ಒಂದು ಸಲ ಅಂದಿದ್ದರೆ ಏನೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ನಾನು ಆರೇಳು ಸಲ ಖಾತ್ರಿಪಡಿಸಿದ್ದೆ. ಈಗ ನಮ್ಮ ಮನೆಯಲ್ಲಿ ಎರಡು ಕಾಲಿನ ಯಾರೇ ಬಂದರೂ ಒಂದು ಆನೆ ಪ್ಯಾಂಟು ಕೊಟ್ಟು ಕಳಿಸುತ್ತೇವೆ.

ಊಟದ್ದು ಇನ್ನೊಂದು ಕಥೆ. ನನ್ನಾಕೆ ಸಸ್ಯಾಹಾರದ ವಿಷಯದಲ್ಲಿ ಉಡದ ಪಟ್ಟು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸು ಬಿದ್ದಿರುತ್ತದೆ. ಮೊದಲ ದಿನ ಬಾಳೆಹಣ್ಣಿನಲ್ಲೇ ಕಳೆದಳು. ಎರಡನೇ ಸಂಜೆ ಚೈನಾಟೌನಿನ ಗಲ್ಲಿಗೆ ಕಾಲಿಟ್ಟರೆ ಕಣ್ಣು ಹೋದಲ್ಲೆಲ್ಲ ಹಳದಿ–ಕೆಂಪು ಬಾವುಟ! ನನಗೆ ಮೈ ಜುಂ ಅಂದಿತು. ರಾಜ್ಯೋತ್ಸವ ಇನ್ನೂ ದೂರ ಇದೆ, ಇಲ್ಲಿ ಯಾವ ಕನ್ನಡ ಸಂಘದವರು ಇಷ್ಟು ಬೇಗ ಕಟ್ಟಿದರಪ್ಪ? ಹತ್ತಿರ ಹೋದರೆ ಹಳದಿ ಬಟ್ಟೆ, ಅದರ ಮೇಲೆ ಕೆಂಪಿನಲ್ಲಿ 17 ಅಂತ ಬರೆದ ಹಾಗಿತ್ತು. ಅದು 17 ಅಲ್ಲ, ‘ಜೇ’ ಅನ್ನುವ ಥಾಯ್ ಅಕ್ಷರ. ಚೀನೀ ಮೂಲದವರ ಒಂಬತ್ತು ದಿನದ ವ್ರತ. ಆ ವರ್ಷ ನಮ್ಮ ನವರಾತ್ರಿಯ ಜೊತೆಗೇ ಬಂದಿತ್ತು. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನನ್ನಾಕೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲಿನ ಎಲ್ಲ ಊಟವನ್ನೂ ಅವಳು ಆ ಬಾವುಟದ ಕೆಳಗೇ ಮಾಡಿದಳು.

ಮಾನ ಹೋಗಿದ್ದು ಲುಂಪಿನಿ ಪಾರ್ಕಿನಲ್ಲಿ. ಬುದ್ಧ ಹುಟ್ಟಿದ ಲುಂಬಿನಿಯ ಹೆಸರನ್ನೇ ಇಟ್ಟಿದ್ದಾರೆ. ಸಂಜೆ ಕೆರೆ ದಡದಲ್ಲಿ ಕೂತು ಸೀಬೆಕಾಯಿಗೆ ಖಾರದ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದೆವು. ನೂರಾರು ಜನ ಓಡುತ್ತಿದ್ದರು. ಆಗ ನೀರಿನಿಂದ ಒಂದು ತಲೆ ಮೇಲೆ ಬಂತು. ಆಮೇಲೆ ಕುತ್ತಿಗೆ. ಆಮೇಲೆ ಬರುತ್ತಲೇ ಇತ್ತು. ಉಡ! ನನ್ನಷ್ಟೇ ಉದ್ದ. ಸೀಳು ನಾಲಿಗೆ ಹೊರಗೆ ಹಾಕಿ ನಮ್ಮ ಸೀಬೆಕಾಯಿಯ ಕಡೆಗೇ ನಡೆದು ಬಂತು. ಪಟ್ಟು ಬಿಡದ ಹೆಂಡತಿಯ ಜೊತೆ ಇಪ್ಪತ್ತೆರಡು ವರ್ಷ ಬಾಳಿದವನು ನಾನು. ಆದರೂ ಕಾಲು ಕಿತ್ತೆ.

ಹತ್ತು ಹೆಜ್ಜೆ ಓಡಿ ನೋಡುತ್ತೇನೆ, ಇಡೀ ಪಾರ್ಕು ಸ್ತಬ್ಧ. ಓಡುತ್ತಿದ್ದವರೆಲ್ಲ ‘ಸ್ಟ್ಯಾಚ್ಯೂ’ ಆಟದ ಹಾಗೆ ನಿಂತುಬಿಟ್ಟಿದ್ದಾರೆ. ಒಬ್ಬ ಅಜ್ಜ ನೀರಿನ ಬಾಟಲಿಯನ್ನು ಬಾಯಿಂದ ಇಳಿಸಿ ಎದೆಗೆ ಒತ್ತಿಕೊಂಡು ನಿಂತಿದ್ದಾನೆ. ಓಹೋ, ಉಡ ಬಂದರೆ ಇಲ್ಲಿ ಅಲುಗಾಡಬಾರದು ಅಂತ ಕಾಣುತ್ತದೆ! ಆದರೆ ನನ್ನಾಕೆ ಇನ್ನೂ ಅದರ ಪಕ್ಕದಲ್ಲೇ ಇದ್ದಾಳಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ: “ಬಾ! ಬೇಗ ಬಾ! ಬಾ ಬಾ ಬಾ!”

ಯಾರೂ ಕದಲಲಿಲ್ಲ. ಕಣ್ಣುಗಳು ಮಾತ್ರ ನನ್ನ ಕಡೆ ಹೊರಳಿದವು. ಎಲ್ಲೋ ಸ್ಪೀಕರಿನಲ್ಲಿ ಹಾಡು ಬರುತ್ತಿತ್ತು. ಅದು ಮುಗಿದದ್ದೇ ತಡ, ಎಲ್ಲರೂ ಒಟ್ಟಿಗೆ ಓಡತೊಡಗಿದರು. ಉಡ ಯಾವಾಗಲೋ ನೀರಿಗೆ ಹೋಗಿತ್ತು.

ಹೋಟೆಲ್ ರಿಸೆಪ್ಷನ್ನಿನ ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡು ವಿವರಿಸಿದಳು. ದಿನಾ ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ. ಪಾರ್ಕು, ರೈಲು ಸ್ಟೇಷನ್ನು, ಎಲ್ಲಿದ್ದರೂ ನಿಲ್ಲಬೇಕು. ಉಡ ಏನೂ ಮಾಡುವುದಿಲ್ಲ. “ಆಮೇಲೆ ಸಾರ್, ‘ಬಾ’ ಅಂದರೆ ನಮ್ಮಲ್ಲಿ ಹುಚ್ಚು.”

ಅಂದರೆ ಎರಡು ದಿನದಿಂದ ಲಿಫ್ಟಿನಲ್ಲಿ, ರೈಲಿನಲ್ಲಿ, ಸಂತೆಯಲ್ಲಿ, ನಾನು ಹೆಂಡತಿಯನ್ನು ‘ಹುಚ್ಚೀ, ಹುಚ್ಚೀ’ ಅಂತ ಕರೆದುಕೊಂಡು ತಿರುಗಿದ್ದೆ.

“ಬಿಡಿ, ನಿಮ್ಮನ್ನೇ ಅಂದುಕೊಂಡಿರ್ತಾರೆ” ಅಂದಳು ನನ್ನಾಕೆ.

ಹಾಗಾದರೆ ‘ಬಾ’ ಅನ್ನುವುದಕ್ಕೆ ಏನನ್ನಬೇಕು? ‘ಮಾ’ ಅನ್ನಬೇಕಂತೆ. ಖುಷಿಯಾಗಿ ಅಂದು ತೋರಿಸಿದೆ. ಹುಡುಗಿ ಗಾಬರಿಯಾದಳು. ಸ್ವರ ಒಂಚೂರು ಏರಿದರೆ ಅದು ನಾಯಿಯಂತೆ, ಇನ್ನೊಂದು ಥರ ಅಂದರೆ ಕುದುರೆಯಂತೆ. ಹುಚ್ಚೀ ಅನ್ನುವುದೇ ವಾಸಿ ಅನ್ನಿಸಿತು. ಆಮೇಲಿಂದ ಸುಮ್ನೆ ಕೈ ಬೀಸತೊಡಗಿದೆ.

ಕೊನೆಯ ದಿನ ಸೇನ್ ಸೇಪ್ ಕಾಲುವೆಯ ದೋಣಿ. ಹೆಲ್ಮೆಟ್ ಹಾಕಿದ ಕಂಡಕ್ಟರು ದೋಣಿಯ ಅಂಚಿನ ಮೇಲೇ ನಡೆದು ಟಿಕೆಟ್ ಕೊಡುತ್ತಾನೆ. ನಾನು ಅಂಚಿನ ಸೀಟಿನಲ್ಲಿದ್ದೆ. ಪಕ್ಕದಲ್ಲಿ ನನ್ನಾಕೆ, ಆಮೇಲೆ ಬುಟ್ಟಿ ಹಿಡಿದ ಒಬ್ಬ ಅಜ್ಜಿ. ನನ್ನ ಮುಂದೆ ಒಂದು ಹಗ್ಗ ನೇತಾಡುತ್ತಿತ್ತು. ಬೀಳದ ಹಾಗೆ ಹಿಡಿದುಕೊಳ್ಳುವುದಕ್ಕೆ ಕಟ್ಟಿದ್ದಾರೆ, ಒಳ್ಳೆ ಜನ ಅಂದುಕೊಂಡು ಮೆಲ್ಲಗೆ ಹಿಡಿದುಕೊಂಡೆ. ಎದುರಿಂದ ಇನ್ನೊಂದು ದೋಣಿ ಬಂತು. ಬೇರೆ ಸಾಲಿನವರೆಲ್ಲ ತಮ್ಮ ತಮ್ಮ ಹಗ್ಗ ಎಳೆದರು, ಪಕ್ಕದ ಪ್ಲಾಸ್ಟಿಕ್ ಪರದೆ ಸರ್ರನೆ ಮೇಲೆದ್ದಿತು. ನಮ್ಮ ಸಾಲಿನದು ಏಳಲಿಲ್ಲ. ಏಳಿಸಬೇಕಾದವನು ನಾನು.

ಕಪ್ಪು ನೀರು ಮುಖಕ್ಕೇ ಬಿತ್ತು.

“ಅಯ್ಯೋ ತಾಯೀ!” ಅಂದಳು ನನ್ನಾಕೆ.

“ತಾಯ್ ಲ್ಯಾವ್!” ಅಂದರು ಅಜ್ಜಿ, ಅದೇ ಹೊತ್ತಿಗೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿಂದೆ ಕೂತ ಕಾಲೇಜು ಹುಡುಗ ಇಂಗ್ಲಿಷಿನಲ್ಲಿ ಅರ್ಥ ಹೇಳಿದ: ‘ಸತ್ತೇ ಹೋದೆ’ ಅಂತ. ನನ್ನಾಕೆ ನಕ್ಕಳು. ಅಜ್ಜಿ ಬುಟ್ಟಿಯಿಂದ ಒಂದು ಟವೆಲ್ ತೆಗೆದು ಅವಳಿಗೆ ಕೊಟ್ಟರು. ನನಗೆ ಕೊಡಲಿಲ್ಲ. ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ತಾವೇ ಹಿಡಿದುಕೊಂಡರು. “ಬಾ” ಅಂತ ಏನೋ ಅಂದ ಹಾಗೂ ಕೇಳಿಸಿತು.