ಮುಂಬೈಗೆ ಹೋದಾಗ ಕೋಣೆ ಎಲ್ಲಿ: ಕಲ್ಯಾಣದಲ್ಲೋ, ದಾದರಿನಲ್ಲೋ?

ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ರೈಲಿನಲ್ಲಿ ಮುಂಬೈಗೆ ಹೋಗಿ ಎರಡು-ಮೂರು ದಿನ ಇರಬೇಕಾದವರು ಕಲ್ಯಾಣ, ಠಾಣೆಯಂಥ ಉಪನಗರದಲ್ಲಿ ಇಳಿದುಕೊಳ್ಳುವುದು ಲೇಸೋ, ದಾದರ್‌ನಿಂದ ದಕ್ಷಿಣಕ್ಕೆ ನಗರದೊಳಗೇ ಕೋಣೆ ಹಿಡಿಯುವುದು ಲೇಸೋ?

ಪರ: ಕಲ್ಯಾಣದಲ್ಲೇ ಇಳಿದುಬಿಡಿ

ಬೆಳಗಾವಿಯಿಂದ ಮಿರಜ ಮೇಲೆ ಹೋಗುವ ಗಾಡಿ ಇರಲಿ, ಬಾಗಲಕೋಟೆ-ವಿಜಯಪುರದಿಂದ ಸೋಲಾಪುರ ಸುತ್ತಿ ಹೋಗುವ ಗಾಡಿ ಇರಲಿ, ಪುಣೆ ದಾಟಿದ ಮೇಲೆ ಎರಡಕ್ಕೂ ಹಾದಿ ಒಂದೇ. ಲೋಣಾವಳದಿಂದ ಘಾಟ್ ಇಳಿದು, ಕರ್ಜತ್ ದಾಟಿದ ನಂತರ ಸಿಗುವ ಮೊದಲ ದೊಡ್ಡ ನಿಲ್ದಾಣ ಕಲ್ಯಾಣ. ಅಲ್ಲಿಂದ ದಾದರಿಗೆ ಇನ್ನೂ ಸುಮಾರು 45 ಕಿ.ಮೀ., ದಕ್ಷಿಣ ಮುಂಬೈಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) 54 ಕಿ.ಮೀ. ನಮ್ಮ ಕಡೆಯ ಹುಬ್ಬಳ್ಳಿ-ದಾದರ್, ಚಾಲುಕ್ಯ, ಹೊಸಪೇಟೆ-ಮುಂಬೈ ಗಾಡಿಗಳು ಮುಂಬೈ ಮುಟ್ಟುವುದು ನಸುಕಿನಲ್ಲಿ. ಆ ಹೊತ್ತಿಗೆ ಕಲ್ಯಾಣದಲ್ಲಿ ಇಳಿದು ಕೋಣೆ ಸೇರಿ ಎರಡು ತಾಸು ಮಲಗಿ, ಸ್ನಾನ-ನಾಷ್ಟಾ ಮುಗಿಸಿ, ಹತ್ತೂವರೆ ಸುಮಾರಿಗೆ ಹೆಗಲಿಗೆ ಒಂದೇ ಚೀಲ ಹಾಕಿಕೊಂಡು ಲೋಕಲ್ ಹತ್ತಿದರೆ ಮುಂಬೈ ಸುಲಭದ ಊರು. ಗಂಟುಮೂಟೆ ಹೊತ್ತು ಒಳಗೆ ಹೋದವರಿಗೇ ಅದು ಕಷ್ಟದ ಊರು.

ದುಡ್ಡಿನ ಲೆಕ್ಕ ನೋಡಿ. ಸಿಎಸ್‌ಎಂಟಿ-ಕಲ್ಯಾಣ ಲೋಕಲ್‌ನ ಎರಡನೇ ದರ್ಜೆಗೆ ಒಬ್ಬರಿಗೆ ಒಂದು ಕಡೆಗೆ ಇಪ್ಪತ್ತು ರೂಪಾಯಿ ಆಸುಪಾಸು. ನಾಲ್ಕು ಜನ ಹೋಗಿ ಬಂದರೆ ದಿನಕ್ಕೆ 160. ಕೋಣೆಯ ಬಾಡಿಗೆಯಲ್ಲಿ ರಾತ್ರಿಗೆ ಸಾವಿರ ಉಳಿದರೂ 840 ಕೈಯಲ್ಲಿ ಉಳಿಯಿತು. ಬಾಡಿಗೆಗಿಂತ ದೊಡ್ಡ ಮಾತು ಜಾಗದ್ದು. ದಾದರ್ ಸುತ್ತಲಿನ ಅಗ್ಗದ ಲಾಡ್ಜುಗಳಲ್ಲಿ ಎರಡು ಮಂಚ ಹಾಕಿದರೆ ಸೂಟ್‌ಕೇಸ್ ಬಿಚ್ಚಲು ನೆಲ ಸಿಗುವುದಿಲ್ಲ. ಅಷ್ಟೇ ದುಡ್ಡಿಗೆ ಕಲ್ಯಾಣ, ಡೊಂಬಿವಿಲಿಯಲ್ಲಿ ಹೆಚ್ಚುವರಿ ಗಾದಿ ಹಾಸಿ ಐದು ಜನ ಮಲಗುವಂಥ ಕೋಣೆ ಸಿಗುತ್ತದೆ. ಡೊಂಬಿವಿಲಿಯಲ್ಲಿ ಕನ್ನಡದವರ ಸಂಖ್ಯೆಯೂ ದೊಡ್ಡದು. ದಾರಿ ಕೇಳುವಾಗ ಮುರುಕು ಹಿಂದಿ ಜೋಡಿಸುವ ಕಷ್ಟ ಅಷ್ಟು ಕಡಿಮೆ. (ಬೆಳಗಾವಿಯವರಿಗೆ ಮರಾಠಿಯ ಚಿಂತೆ ಇಲ್ಲ ಬಿಡಿ.)

ಕೋಣೆ ಹಿಡಿಯುವಾಗ ಮೂರು ಪ್ರಶ್ನೆ ಕೇಳಿ. ಚೆಕ್‌ಔಟ್ ಮಧ್ಯಾಹ್ನ 12ಕ್ಕೋ, ಬಂದ ಹೊತ್ತಿನಿಂದ 24 ತಾಸಿಗೋ? ನಸುಕಿನಲ್ಲಿ ಐದಕ್ಕೆ ಬರುವವರಿಗೆ 24 ತಾಸಿನ ಲಾಡ್ಜೇ ಬೇಕು. ಇಲ್ಲದಿದ್ದರೆ ಆರೇಳು ತಾಸಿಗೆ ಇನ್ನೊಂದು ದಿನದ ಬಾಡಿಗೆ ಕೇಳುತ್ತಾರೆ, ಇಲ್ಲವೇ ಹನ್ನೆರಡರವರೆಗೆ ಸೋಫಾದಲ್ಲಿ ಕೂರಿಸುತ್ತಾರೆ. ಎರಡನೆಯದು, ಪೂರ್ವವೋ ಪಶ್ಚಿಮವೋ? ಹಳಿ ಊರನ್ನು ಎರಡು ಭಾಗ ಮಾಡಿದೆ. ನಕ್ಷೆಯಲ್ಲಿ ಅರ್ಧ ಕಿಲೋಮೀಟರ್ ಕಂಡದ್ದು ಹಳಿಯ ಆಚೆ ಬದಿಗಿದ್ದರೆ ಸೇತುವೆ ಹತ್ತಿ ಇಳಿಯಬೇಕು, ಆಟೋದಲ್ಲಾದರೆ ದೊಡ್ಡ ಸುತ್ತು. ಮೂರನೆಯದು ವಿಳಾಸದಲ್ಲಿ 'ಠಾಣೆ' ಎಂದಿದ್ದರೆ ಊರೋ, ಜಿಲ್ಲೆಯೋ? ಭಿವಂಡಿಯೂ ಠಾಣೆ ಜಿಲ್ಲೆಯೇ, ಮೀರಾ ರೋಡ್ ಕೂಡ. ಘೋಡಬಂದರ್ ರಸ್ತೆಯ ಹೋಟೆಲುಗಳು ಚೆಂದ ಕಾಣುತ್ತವೆ. ಆದರೆ ಠಾಣೆ ಸ್ಟೇಷನ್ನಿಗೆ ಬರಲು ಟ್ರಾಫಿಕ್ಕಿನಲ್ಲಿ ಮುಕ್ಕಾಲು ತಾಸು ಹೋಗಬಹುದು. ಉಪನಗರದಲ್ಲಿ ಇರುವುದೆಂದರೆ ಸ್ಟೇಷನ್ನಿನಿಂದ ನಡೆದು ಹತ್ತು ನಿಮಿಷದೊಳಗೆ ಇರುವುದು. ಅದಕ್ಕಿಂತ ದೂರವಾದರೆ ಈ ವಾದವನ್ನೇ ಕೈಬಿಡಬೇಕು.

ಲೋಕಲ್ ಬಗ್ಗೆ ಹೆದರಿಕೆ ಅರ್ಧದಷ್ಟು ಅದರ ಇಂಡಿಕೇಟರ್ (ಪ್ಲಾಟ್‌ಫಾರ್ಮಿನಲ್ಲಿ ಬರುವ ಗಾಡಿ ಯಾವುದೆಂದು ತೋರಿಸುವ ಫಲಕ) ಓದಲು ಬಾರದ್ದರಿಂದ. ಮೊದಲು ಊರಿನ ಗುರುತು ಇರುತ್ತದೆ, ಆಮೇಲೆ ವೇಗದ ಗುರುತು. ಕೆ ಅಂದರೆ ಕಲ್ಯಾಣ, ಎ ಅಂಬರನಾಥ, ಬಿಎಲ್ ಬದಲಾಪುರ, ಟಿಎಲ್ ಟಿಟ್ವಾಳಾ, ಎನ್ ಕಸಾರಾ, ಎಸ್ ಕರ್ಜತ್. ಇವೆಲ್ಲ ಕಲ್ಯಾಣದ ಮೇಲೆಯೇ ಹೋಗುವ ಗಾಡಿಗಳು, ಕೆ ಬರಲಿ ಎಂದು ಕಾಯುತ್ತ ನಿಲ್ಲಬೇಡಿ. ಟಿ ಮಾತ್ರ ಠಾಣೆಗೇ ಮುಗಿಯುತ್ತದೆ. ಪಕ್ಕದ ಎಫ್ ಎಂದರೆ ದೊಡ್ಡ ನಿಲ್ದಾಣಗಳಲ್ಲಷ್ಟೇ ನಿಲ್ಲುವ ಫಾಸ್ಟ್, ಎಸ್ ಎಂದರೆ ಎಲ್ಲ ಕಡೆ ನಿಲ್ಲುವ ಸ್ಲೋ. ಕರ್ಜತ್‌ಗೂ ಎಸ್, ಸ್ಲೋಗೂ ಎಸ್ ಇರುವುದರಿಂದ ಹೊಸಬರು ತಬ್ಬಿಬ್ಬಾಗುತ್ತಾರೆ. ಫಾಸ್ಟ್ ಗಾಡಿ ಕಲ್ಯಾಣದಿಂದ ಸಿಎಸ್‌ಎಂಟಿಗೆ ಒಂದು ತಾಸು ಹತ್ತು ನಿಮಿಷದ ಆಸುಪಾಸು ತೆಗೆದುಕೊಂಡರೆ ಸ್ಲೋಗೆ ಒಂದೂವರೆ ತಾಸು.

ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೆ ಜನರ ಹೊಳೆ ನಗರದ ಕಡೆಗೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಕಲ್ಯಾಣದ ಕಡೆಗೆ. ಈ ಎರಡು ಹೊತ್ತು ಬಿಟ್ಟರೆ ಕೂರಲು ಜಾಗ ಸಿಗುತ್ತದೆ. ಬಿಡಲಾಗದಿದ್ದರೆ ಕಲ್ಯಾಣದಿಂದಲೇ ಹೊರಡುವ ಗಾಡಿ ಹಿಡಿಯಿರಿ. ಕರ್ಜತ್, ಕಸಾರಾದಿಂದ ಬರುವ ಗಾಡಿ ತುಂಬಿಕೊಂಡೇ ಬಂದಿರುತ್ತದೆ. ಎರಡು-ಮೂರು ದಿನ ತಿರುಗುವುದಿದ್ದರೆ ಪ್ರವಾಸಿ ಟಿಕೆಟ್ ಕೇಳಿ. ಒಂದು, ಮೂರು, ಐದು ದಿನಕ್ಕೆ ಸಿಗುತ್ತದೆ. ಲೋಕಲ್‌ನ ಮಧ್ಯ, ಪಶ್ಚಿಮ, ಹಾರ್ಬರ್ ಮೂರೂ ಮಾರ್ಗಕ್ಕೆ ನಡೆಯುತ್ತದೆ. ಪ್ರತಿ ಸಲ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಎಲ್ಲರ ಕೆಲಸವೂ ದಕ್ಷಿಣ ಮುಂಬೈಯಲ್ಲೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ವಿಜಯಪುರದ ಒಣದ್ರಾಕ್ಷಿ, ಇಂಡಿ ತಾಲ್ಲೂಕಿನ ನಿಂಬೆ ವ್ಯವಹಾರಕ್ಕೆ ಹೋಗುವವರಿಗೆ ಬೇಕಾದದ್ದು ನವಿ ಮುಂಬೈಯ ವಾಶಿಯ ಎಪಿಎಂಸಿ. ಠಾಣೆಯಿಂದ ವಾಶಿಗೆ ನೇರ ಟ್ರಾನ್ಸ್-ಹಾರ್ಬರ್ ಲೋಕಲ್ ಇದೆ, ದಾದರ್‌ನಲ್ಲಿ ಕೋಣೆ ಮಾಡಿದರೆ ಕುರ್ಲಾಕ್ಕೆ ಹೋಗಿ ಗಾಡಿ ಬದಲಿಸಬೇಕು. ಬಾದಾಮಿ-ಪಟ್ಟದಕಲ್ಲು ನೋಡಿದ ಕಣ್ಣಿಗೆ ಗೇಟ್‌ವೇಗಿಂತ ಅಂಬರನಾಥದ 11ನೇ ಶತಮಾನದ ಶಿಲಾಹಾರರ ಶಿವಾಲಯವೇ ಹೆಚ್ಚು ಹಿಡಿಸೀತು. ಅದು ಕಲ್ಯಾಣದಿಂದ ಕೆಲವೇ ನಿಲ್ದಾಣ ದೂರ, ಟಿಟ್ವಾಳಾ ಗಣಪತಿಯೂ ಹಾಗೆಯೇ.

ವಿರೋಧ: ಕೆಲಸ ಇರುವಲ್ಲೇ ಕೋಣೆ

ಕಲ್ಯಾಣದಿಂದ ದಾದರಿಗೆ ಐವತ್ತು-ಐವತ್ತೈದು ನಿಮಿಷ ಎನ್ನುವುದು ಗಾಡಿಯ ಲೆಕ್ಕ, ಮನುಷ್ಯರದಲ್ಲ. ಕೋಣೆಯಿಂದ ಸ್ಟೇಷನ್, ಟಿಕೆಟ್, ಸೇತುವೆ, ಪ್ಲಾಟ್‌ಫಾರ್ಮ್ ಹುಡುಕಾಟ, ಒಂದು ಗಾಡಿ ಹತ್ತಲಾಗದೆ ಬಿಟ್ಟು ಇನ್ನೊಂದಕ್ಕೆ ಕಾಯುವುದು, ಇಳಿದ ಮೇಲೆ ಮತ್ತೆ ಸೇತುವೆ, ಟ್ಯಾಕ್ಸಿ. ಬಾಗಿಲಿನಿಂದ ಬಾಗಿಲಿಗೆ ಎರಡು ತಾಸು ಹಿಡಿಯಿರಿ. ಹೋಗಿ ಬರಲು ನಾಲ್ಕು. ಎರಡು ದಿನಕ್ಕೆಂದು ಹೋದವರ ಎಂಟು ತಾಸು ಹಳಿಯ ಮೇಲೆ ಹೋಯಿತು. ಉಳಿಸಿದ ದುಡ್ಡನ್ನು ಈ ಎಂಟರಿಂದ ಭಾಗಿಸಿ ನೋಡಿ, ಆಮೇಲೆ ಅಗ್ಗವೋ ತುಟ್ಟಿಯೋ ಹೇಳಿ.

ನಮ್ಮ ಮೂರು ಜಿಲ್ಲೆಗಳಿಂದ ಮುಂಬೈಗೆ ಹೋಗುವ ಬಹಳ ಜನ ಹೋಗುವುದು ಆಸ್ಪತ್ರೆಗೆ. ದಾದರ್ ಪಕ್ಕದ ಪರೇಲ್‌ನಲ್ಲಿ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್, ಅದರ ಹತ್ತಿರವೇ ಕೆಇಎಂ, ವಾಡಿಯಾ ಆಸ್ಪತ್ರೆಗಳು. ಪರೇಲ್‌ನಲ್ಲಿ ನಿಲ್ಲುವುದು ಸ್ಲೋ ಲೋಕಲ್ ಮಾತ್ರ. ಕಲ್ಯಾಣದಿಂದ ಬಂದರೆ ಫಾಸ್ಟ್ ಹಿಡಿದು ದಾದರಿನಲ್ಲಿ ಇಳಿದು, ಸೇತುವೆ ದಾಟಿ ಸ್ಲೋ ಹತ್ತಿ ಒಂದು ನಿಲ್ದಾಣ ಹೋಗಬೇಕು, ಇಲ್ಲವೇ ಪೂರ್ತಿ ದಾರಿ ಸ್ಲೋದಲ್ಲೇ ಕೂರಬೇಕು. ದೊಡ್ಡ ಆಸ್ಪತ್ರೆಯ ಒಂದು ದಿನ ಹೇಗಿರುತ್ತದೆ ಗೊತ್ತಲ್ಲ: ಬರಿಹೊಟ್ಟೆಯಲ್ಲಿ ಬೆಳಿಗ್ಗೆ ರಕ್ತ ಕೊಡಬೇಕು, ಮಧ್ಯಾಹ್ನ ಸ್ಕ್ಯಾನ್, ಸಂಜೆ ಡಾಕ್ಟರು. ನಡುವಿನ ಮೂರು ತಾಸು ರೋಗಿ ಎಲ್ಲಿ ಒರಗಬೇಕು? ಕೋಣೆ ದಾದರಿನಲ್ಲಿದ್ದರೆ ಟ್ಯಾಕ್ಸಿಯಲ್ಲಿ ಹೋಗಿ ಮಲಗಿ ಬರಬಹುದು. ಕಲ್ಯಾಣದಲ್ಲಿದ್ದರೆ ಆಸ್ಪತ್ರೆಯ ಬೆಂಚೇ ಗತಿ. ಹತ್ತೂವರೆ ಮೇಲೆ ಹೊರಡಿ ಎಂಬ ಸಲಹೆ ಪ್ರವಾಸಿಗರಿಗೆ ಸರಿ, ಓಪಿಡಿ ಚೀಟಿಗೂ ಇಂಟರ್‌ವ್ಯೂಗೂ ಪರೀಕ್ಷೆಗೂ ಹತ್ತೂವರೆಯ ವಿನಾಯಿತಿ ಇಲ್ಲ.

ಆಸ್ಪತ್ರೆಗೆ ಹೋಗುವವರು ಕೋಣೆಗಿಂತ ಮೊದಲು ನೋಡಬೇಕಾದ್ದು ಚೀಟಿಯ ಮೇಲಿನ ವಿಳಾಸ. ಟಾಟಾ ಮೆಮೋರಿಯಲ್‌ನ ಇನ್ನೊಂದು ಆವರಣ, ಆಕ್ಟ್ರೆಕ್, ನವಿ ಮುಂಬೈಯ ಖಾರಘರ್‌ನಲ್ಲಿದೆ. ಅಲ್ಲಿಗೆ ಬರಹೇಳಿದ್ದರೆ ಪರೇಲ್‌ನಲ್ಲಿ ಕೋಣೆ ಮಾಡುವುದೂ ಅಷ್ಟೇ ದಡ್ಡತನ, ಖಾರಘರ್‌ನಲ್ಲೇ ಇರಬೇಕು. ಪರೇಲ್‌ಗೇ ಆದರೆ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಸತಿಯ ಬಗ್ಗೆ ಕೇಳಿ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ರೋಗಿ ಮತ್ತು ಜೊತೆಗಿರುವವರಿಗೆ ಆಸ್ಪತ್ರೆಯ ಪತ್ರದ ಮೇಲೆ ಜಾಗ ಕೊಡುತ್ತಾರೆ. ಬಾಡಿಗೆಯ ವಾದ ಅಲ್ಲಿಗೇ ಮುಗಿಯಿತು. ಹೇಗೂ ಲೋಕಲ್ ಹತ್ತಲೇಬೇಕಾಗಿ ಬಂದರೆ, ಕ್ಯಾನ್ಸರ್ ರೋಗಿಗಳಿಗೂ ಗರ್ಭಿಣಿಯರಿಗೂ ಅಂಗವಿಕಲರ ಡಬ್ಬಿಯಲ್ಲಿ ಹೋಗಲು ಅವಕಾಶವಿದೆ. ಆಸ್ಪತ್ರೆಯ ಕಾಗದ ಕೈಯಲ್ಲೇ ಇರಲಿ.

ಗದ್ದಲದ ಮಾತನ್ನು ಹಗುರವಾಗಿ ಆಡಬಾರದು. ಲೋಕಲ್ ಒಂದು ನಿಲ್ದಾಣದಲ್ಲಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ದಾದರಿನಲ್ಲಿ ಇಳಿಯುವವರು ಕುರ್ಲಾ ಬಿಟ್ಟ ಕೂಡಲೇ ಬಾಗಿಲ ಕಡೆ ಸರಿಯದಿದ್ದರೆ ಹತ್ತುವವರು ಒಳಕ್ಕೇ ತಳ್ಳುತ್ತಾರೆ. ನಾಲ್ಕು ಜನರ ಕುಟುಂಬದಲ್ಲಿ ಇಬ್ಬರು ಇಳಿದು ಇಬ್ಬರು ಮುಂದಿನ ನಿಲ್ದಾಣ ಭಾಯಖಳಾಕ್ಕೆ ಹೋಗುವುದು ಇದೇ ಕಾರಣಕ್ಕೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತದ್ದು ಬೆಳಗಿನ ಗದ್ದಲದ ಹೊತ್ತಿನಲ್ಲಿ, ಕಲ್ಯಾಣ-ಠಾಣೆ ನಡುವಿನ ಇದೇ ಹಳಿಯ ಮೇಲೆ. ದಿನವೂ ಓಡಾಡುವವರಿಗೇ ಹೀಗಾಗುವಾಗ ವಯಸ್ಸಾದ ತಾಯಿಯ ಕೈ ಹಿಡಿದುಕೊಂಡು ಬಂದ ಅಥಣಿಯವರಿಗೆ ಅದರಲ್ಲಿ ಹೋಗಿ ಎನ್ನುವುದು ಸರಿಯಲ್ಲ. ಎಸಿ ಲೋಕಲ್ ಇದೆಯಲ್ಲ ಎನ್ನುತ್ತೀರಿ. ಬಾಗಿಲು ಮುಚ್ಚಿಕೊಳ್ಳುತ್ತದೆ, ನಿಜಕ್ಕೂ ಒಳ್ಳೆಯ ಗಾಡಿ. ಆದರೆ ಕಲ್ಯಾಣದಿಂದ ಒಬ್ಬರಿಗೆ ನೂರರ ಆಸುಪಾಸು ಟಿಕೆಟ್, ನಾಲ್ಕು ಜನಕ್ಕೆ ಹೋಗಿಬರಲು ಎಂಟುನೂರು. ಮೇಲಿನ ಲೆಕ್ಕದ 840ರಲ್ಲಿ ಏನುಳಿಯಿತು? ಎರಡನೇ ದರ್ಜೆಯ ಟಿಕೆಟ್ ಅದರಲ್ಲಿ ನಡೆಯುವುದೂ ಇಲ್ಲ, ದಂಡ ಕಟ್ಟಿಸುತ್ತಾರೆ.

ಭಾನುವಾರ ಇನ್ನೊಂದು ತೊಂದರೆ. ಹಳಿ ರಿಪೇರಿಗೆಂದು ಮೆಗಾ ಬ್ಲಾಕ್ ಇರುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶುರುವಾಗಿ ಮಧ್ಯಾಹ್ನ ನಾಲ್ಕರವರೆಗೆ. ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ಹಾಕುತ್ತಾರೆ, ಅಥವಾ ಸ್ಲೋ ಗಾಡಿ ಫಾಸ್ಟ್ ಹಳಿಗೆ ಹೋಗಿ ಸಣ್ಣ ನಿಲ್ದಾಣಗಳು ತಪ್ಪುತ್ತವೆ; ಹಾರ್ಬರ್‌ನಲ್ಲಿ ಗಾಡಿಯೇ ಇಲ್ಲದಿರಬಹುದು. ಶನಿವಾರ-ಭಾನುವಾರ ನೋಡಿಕೊಂಡು ಹೋಗುವ ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಮಳೆಗಾಲದಲ್ಲಿ ಕುರ್ಲಾ, ಸಾಯನ್ ಕಡೆ ಹಳಿಯ ಮೇಲೆ ನೀರು ನಿಂತರೆ ಕಲ್ಯಾಣಕ್ಕೆ ಹೋಗುವ ದಾರಿಯೇ ಮುಚ್ಚಿದಂತೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಾಗ ಸಾವಿರಾರು ಜನ ಆಫೀಸು, ಸ್ಟೇಷನ್ನುಗಳಲ್ಲೇ ರಾತ್ರಿ ಕಳೆದರು. ಅದು ಅಪರೂಪದ ದಿನವೇ ಸರಿ, ಗಾಡಿ ಮೂರು-ನಾಲ್ಕು ತಾಸು ನಿಲ್ಲುವ ದಿನಗಳು ಅಪರೂಪವಲ್ಲ.

ನಗರದೊಳಗೆ ಅಗ್ಗಕ್ಕೆ ಇರಲು ಆಗುವುದಿಲ್ಲ ಎಂಬುದನ್ನೂ ಒಪ್ಪಲಾಗದು. ನಿಲ್ದಾಣದಲ್ಲೇ ಇರುವ ರೈಲ್ವೆಯ ಬಾಡಿಗೆ ಕೋಣೆಯನ್ನು (ರಿಟೈರಿಂಗ್ ರೂಮ್) ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಹಾಕಿ ಮೊದಲೇ ಕಾಯ್ದಿರಿಸಬಹುದು, ಹೆಚ್ಚೆಂದರೆ 48 ತಾಸು. ಸಿಎಸ್‌ಎಂಟಿಯಲ್ಲಿ ಒಬ್ಬರೇ ಮಲಗುವ, ಗೂಡಿನಂಥ ಪುಟ್ಟ ಕೋಣೆಗಳಿವೆ (ಪಾಡ್). ಒಂದು ಎಚ್ಚರಿಕೆ: ಸಾಯನ್, ಬಾಂದ್ರಾದಿಂದ ದಕ್ಷಿಣಕ್ಕೆ ಆಟೋ ಓಡುವುದಿಲ್ಲ, ಟ್ಯಾಕ್ಸಿ ಅಥವಾ ಬೆಸ್ಟ್ ಎಂಬ ನಗರ ಸಾರಿಗೆ ಬಸ್ಸೇ. ಅದಕ್ಕೆ ದಾದರ್, ಮಾಟುಂಗಾದಲ್ಲಿ ಕೋಣೆ ಹುಡುಕುವಾಗ ಸ್ಟೇಷನ್ನಿಗೋ ಮೆಟ್ರೋಗೋ ನಡೆದು ಹೋಗುವಷ್ಟು ಹತ್ತಿರ ಇರಬೇಕು. 2025ರ ಅಕ್ಟೋಬರ್‌ನಲ್ಲಿ ಮೂರನೇ ಮಾರ್ಗದ ಮೆಟ್ರೋ ಕಫ್ ಪರೇಡ್‌ವರೆಗೆ ಪೂರ್ತಿ ತೆರೆದ ಮೇಲೆ ದಾದರಿನಿಂದ ಸಿದ್ಧಿವಿನಾಯಕ, ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಸಿಎಸ್‌ಎಂಟಿ ಎಲ್ಲಕ್ಕೂ ನೆಲದಡಿಯಲ್ಲೇ ಹೋಗಬಹುದು. ಮಾಟುಂಗಾದಲ್ಲಿ ಉಡುಪಿ ಹೋಟೆಲಿನ ಇಡ್ಲಿ ಸಿಗುತ್ತದೆ. ಜೋಳದ ರೊಟ್ಟಿ ಬೇಕೆನ್ನುವವರು ದಾದರಿನ ಝುಣಕಾ-ಭಾಕರಿಗೆ ಸಮಾಧಾನಪಡಬೇಕು. ಕೋಣೆ ಎಲ್ಲೂ ಸಿಗದೇ ಉಪನಗರಕ್ಕೆ ಹೋಗಲೇಬೇಕಾದರೆ ಘಾಟ್ಕೋಪರ್‌ಗೆ ನಿಲ್ಲಿ. ಫಾಸ್ಟ್ ಗಾಡಿ ನಿಲ್ಲುತ್ತದೆ, ಅಂಧೇರಿ ಕಡೆಗೆ ಮೆಟ್ರೋ ಇದೆ, ಸಿಎಸ್‌ಎಂಟಿಗೆ 20 ಕಿ.ಮೀ. ಒಳಗೆ.

ವಾಪಸು ಬರುವ ರಾತ್ರಿಯ ಮಾತನ್ನು ಕಲ್ಯಾಣದ ಪಕ್ಷದವರು ಎತ್ತಲೇ ಇಲ್ಲ. ಟಿಕೆಟ್ ದಾದರಿನಿಂದ ತೆಗೆದು ಸುಮ್ಮನೆ ಕಲ್ಯಾಣದಲ್ಲಿ ಹತ್ತಿದರೆ, ಅಷ್ಟರಲ್ಲಿ ಟಿಸಿ ನೀವು ಬಂದಿಲ್ಲವೆಂದು ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ಮೊದಲೇ ಬೋರ್ಡಿಂಗ್ ಸ್ಟೇಷನ್ (ಹತ್ತುವ ನಿಲ್ದಾಣ) ಬದಲಿಸಬೇಕು, ಬದಲಿಸಿದ ಮೇಲೆ ದಾದರಿನಲ್ಲಿ ಹತ್ತುವ ಹಕ್ಕು ಹೋಗುತ್ತದೆ. ಕಲ್ಯಾಣದಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಡಬ್ಬಿ ಎಲ್ಲಿ ಬರುತ್ತದೆಂದು ಮೊದಲೇ ನೋಡಿ ನಿಂತಿರದಿದ್ದರೆ ಸಾಮಾನು ಹೊತ್ತು ಓಡಬೇಕು. ಬೆಳಗಾವಿ ಕಡೆಯ ಗಾಡಿಗಳು ದಾದರಿನಿಂದಲೇ ಹೊರಡುತ್ತವೆ, ಸದ್ಯ ರಾತ್ರಿ ಒಂಬತ್ತೂವರೆ ಸುಮಾರಿಗೆ. ಮಧ್ಯಾಹ್ನ ಕೋಣೆ ಬಿಟ್ಟು ಸಾಮಾನಿಗೆ ಬೀಗ ಹಾಕಿ, ಟಿಕೆಟ್ ತೋರಿಸಿ ಕ್ಲೋಕ್‌ರೂಮಿನಲ್ಲಿಟ್ಟು, ಪಶ್ಚಿಮ ಬದಿಯ ರಾನಡೆ ರಸ್ತೆಯಲ್ಲಿ ಖರೀದಿ ಮುಗಿಸಿ ಒಂಬತ್ತಕ್ಕೆ ಬಂದರೆ ಸಾಕು. 2023ರ ಡಿಸೆಂಬರ್‌ನಿಂದ ದಾದರಿನ ಪ್ಲಾಟ್‌ಫಾರ್ಮ್ ಸಂಖ್ಯೆಗಳು ಬದಲಾಗಿವೆ: ಪಶ್ಚಿಮ ರೈಲ್ವೆಗೆ 1ರಿಂದ 7, ಮಧ್ಯ ರೈಲ್ವೆಗೆ 8ರಿಂದ 14. ನಮ್ಮ ಗಾಡಿಗಳು 8ರ ನಂತರದ ಬದಿಗೆ.