ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡಿದವರಿಗೆ ಚಿಕಿತ್ಸೆ ಇಲ್ಲ ಅನ್ನಬಹುದೇ?

ಪರ: ಅನ್ನಬಹುದು

ಜೀವ ಹೋಗುವ ಹೊತ್ತಿನಲ್ಲಿ ಯಾರನ್ನೂ ಹೊರಗೆ ಕಳಿಸಬೇಕು ಅಂತ ನಾನು ಹೇಳುತ್ತಿಲ್ಲ. ತುರ್ತು ಚಿಕಿತ್ಸೆ ಎಲ್ಲರಿಗೂ ಸಿಗಲೇಬೇಕು. ನನ್ನ ಮಾತು ನಾಲ್ಕು ದಿನ ಕಾದರೂ ನಡೆಯುವ, ಬೇರೆ ಕಡೆಯೂ ಆಗುವ ಚಿಕಿತ್ಸೆಯ ಬಗ್ಗೆ. ಬುದ್ಧಿ ನೆಟ್ಟಗಿದ್ದೂ ನರ್ಸ್ ಮೇಲೆ ಕೈ ಮಾಡಿದವರಿಗೆ "ಇನ್ನು ಇಲ್ಲಿಗೆ ಬರಬೇಡಿ" ಅನ್ನುವ ಹಕ್ಕು ಆಸ್ಪತ್ರೆಗೆ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯ ಸಿಬ್ಬಂದಿಯಲ್ಲಿ ಶೇ. 8ರಿಂದ 38ರಷ್ಟು ಮಂದಿ ತಮ್ಮ ಕೆಲಸದ ಬದುಕಿನಲ್ಲಿ ಒಮ್ಮೆಯಾದರೂ ಏಟು ತಿಂದಿರುತ್ತಾರೆ. ಬೈಗುಳ, ಬೆದರಿಕೆಗೆ ಗುರಿಯಾದವರು ಇನ್ನೂ ಜಾಸ್ತಿ. ಏಟಿನ ನೋವು ವಾರದಲ್ಲಿ ಇಳಿಯುತ್ತದೆ. ಭಯ ಇಳಿಯುವುದಿಲ್ಲ. ಡ್ಯೂಟಿಗೆ ಹೊರಡುವಾಗಲೇ ಹೊಟ್ಟೆ ತೊಳಸುತ್ತದೆ. ಯಾರೋ ಜೋರಾಗಿ ಮಾತಾಡಿದರೆ ಸಾಕು, ಸಿರಿಂಜ್ ಹಿಡಿದ ಕೈ ನಡುಗುತ್ತದೆ. ರಿಸ್ಕ್ ಇರುವ ಕೇಸ್ ಬಂದರೆ, ತಾವೇ ನೋಡಬಹುದಾಗಿದ್ದರೂ ವೈದ್ಯರು ಬೇರೆ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಇದರ ಬೆಲೆ ತೆರುವವರು ಪಕ್ಕದ ಬೆಡ್ಡಿನವರು. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ 39 ತಂಡಗಳಿಗೆ ಅಣಕು ಕೇಸ್‌ಗಳನ್ನು ಕೊಟ್ಟರು. ಕೆಲವು ತಂಡಗಳಿಗೆ ಮಗುವಿನ ತಾಯಿಯ ಪಾತ್ರ ಮಾಡಿದವರು ಒರಟಾಗಿ ಮಾತಾಡಿದರು. ಅಷ್ಟೇ, ಏಟಿಲ್ಲ. ಆದರೂ ಆ ತಂಡಗಳು ರೋಗ ಪತ್ತೆ ಮಾಡುವುದರಲ್ಲೂ ಚಿಕಿತ್ಸೆಯಲ್ಲೂ ಎಡವಿದವು. ಒಬ್ಬರಿಗೊಬ್ಬರು ವಿಷಯ ತಿಳಿಸುವುದು, ನೆರವಾಗುವುದು ಕಡಿಮೆಯಾಯಿತು. ಪರಿಣಾಮ ಇಡೀ ದಿನ ಉಳಿಯಿತು. ಒರಟು ಮಾತೇ ಇಷ್ಟು ಮಾಡಿದರೆ ಕಪಾಳಕ್ಕೆ ಬಿದ್ದ ಏಟು ಎಷ್ಟು ಮಾಡೀತು, ಅಲ್ವಾ?

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹಲ್ಲೆ ಮಾಡುವವರಿಗೆ ತುರ್ತಲ್ಲದ ಚಿಕಿತ್ಸೆ ನಿರಾಕರಿಸಲು ಅವಕಾಶ ಇತ್ತು. 2020ರಲ್ಲಿ ಜನಾಂಗ ನಿಂದನೆ, ಕಿರುಕುಳವನ್ನೂ ಅದಕ್ಕೆ ಸೇರಿಸಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳಿಗೆ ನಾವು ಇಂದಿಗೂ ಹೇಳುವುದು "ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ, ಸಹಿಸಿಕೋ" ಅಂತ. ಆ ಮಾತು ನಿಲ್ಲಬೇಕಾದರೆ ಒಂದು ಗೆರೆ ಎಳೆಯಲೇಬೇಕು.

ವಿರೋಧ: ಅನ್ನಬಾರದು

ಮೇಲೆ ಹೇಳಿದ ನೋವಿನಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆ ಭಯ ನಿಜ. ಆದರೆ ಬಾಗಿಲು ಮುಚ್ಚಿದರೆ ಅದು ಹೋಗುತ್ತದೆಯೇ?

ಹೊಡೆಯುವವರು ಯಾರು ಅಂತ ನೋಡೋಣ. ಎಷ್ಟೋ ಸಲ ಅದು ರೋಗಿಯಲ್ಲ, ಜೊತೆಗೆ ಬಂದವರು. ಅಣ್ಣ ಕೈ ಮಾಡಿದ ಅಂತ ತಂಗಿಯ ಚಿಕಿತ್ಸೆ ನಿಲ್ಲಿಸುವುದು ಯಾವ ನ್ಯಾಯ? ಇನ್ನು ರೋಗಿಯೇ ಹೊಡೆದಾಗ ರೋಗವೇ ಹೊಡೆಸಿರಬಹುದು. ರಕ್ತದಲ್ಲಿ ಸಕ್ಕರೆ ತೀರಾ ಇಳಿದವರು, ತಲೆಗೆ ಪೆಟ್ಟು ಬಿದ್ದವರು, ಜ್ವರ ನೆತ್ತಿಗೇರಿದವರು, ಮರೆವಿನ ಕಾಯಿಲೆಯ ಹಿರಿಯರು ಯಾರನ್ನು ಹೊಡೆಯುತ್ತಿದ್ದೇವೆ ಅನ್ನುವುದೇ ತಿಳಿಯದೆ ಹೊಡೆಯುತ್ತಾರೆ. "ಬುದ್ಧಿ ನೆಟ್ಟಗಿದ್ದೂ" ಅಂತ ಬರೆಯುವುದು ಸುಲಭ. ನಡುರಾತ್ರಿ, ರಕ್ತಪರೀಕ್ಷೆಯ ವರದಿ ಬರುವ ಮೊದಲೇ, ಅದನ್ನು ತೀರ್ಮಾನಿಸುವವರು ಯಾರು? ಕುಡಿದಿದ್ದಾನೆ ಅಂತ ಹೊರಗೆ ಕಳಿಸಿದವನ ತಲೆಯೊಳಗೆ ರಕ್ತ ಸೋರುತ್ತಿದ್ದರೆ?

ಇನ್ನೊಂದು ಮಾತು. ಹಲ್ಲೆ ಹೆಚ್ಚು ನಡೆಯುವುದು ತುರ್ತು ವಿಭಾಗದಲ್ಲಿ, ಮಾನಸಿಕ ವಾರ್ಡುಗಳಲ್ಲಿ. ತುರ್ತು ವಿಭಾಗಕ್ಕೆ ಈ ನಿಯಮ ಬೇಡ ಅಂತ ಪರ ಇರುವವರೇ ಒಪ್ಪಿದ್ದಾರೆ. ಅಂದರೆ ರಕ್ಷಣೆ ಹೆಚ್ಚು ಬೇಕಾದ ಕಡೆಯೇ ಇದು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಬೇಡ ಅನಿಸಿಕೊಂಡವರು ಇನ್ನೊಂದು ಚಿಕ್ಕ ಕ್ಲಿನಿಕ್ಕಿಗೆ ಹೋಗುತ್ತಾರೆ. ಅಲ್ಲಿ ಒಬ್ಬರೇ ನರ್ಸ್ ಇರುತ್ತಾರೆ.

ಹಲ್ಲೆಯನ್ನು ಅದು ನಡೆಯುವ ಮೊದಲೇ ತಡೆಯಬಹುದು. ಬ್ರಿಟನ್ನಿನಲ್ಲಿ 15 ಆಸ್ಪತ್ರೆಗಳ 31 ಮಾನಸಿಕ ವಾರ್ಡುಗಳಲ್ಲಿ ಸೇಫ್‌ವಾರ್ಡ್ಸ್ ಅನ್ನುವ ಪದ್ಧತಿಯನ್ನು ಪರೀಕ್ಷಿಸಿದರು. ಮೆತ್ತಗೆ ಮಾತಾಡುವುದು, ಕೆಟ್ಟ ಸುದ್ದಿ ಹೇಳಬೇಕಾದಾಗ ಮೊದಲೇ ತಯಾರಾಗುವುದು, ಸಿಬ್ಬಂದಿ ಮತ್ತು ರೋಗಿಗಳು ಒಬ್ಬರನ್ನೊಬ್ಬರು ಅರಿಯುವುದು, ಇಂಥವೇ. 2015ರಲ್ಲಿ ಬಂದ ಫಲಿತಾಂಶದಲ್ಲಿ ಜಗಳ, ಗಲಾಟೆಗಳು ಶೇ. 15ರಷ್ಟು ತಗ್ಗಿದ್ದವು. ಬೇರೆ ವಿಭಾಗಗಳಲ್ಲೂ ಮಾಡುವುದಕ್ಕೆ ಬೇಕಾದಷ್ಟಿದೆ. ಗಂಟೆಗಟ್ಟಲೆ ಕಾಯುವವರಿಗೆ "ಇನ್ನೂ ಇಷ್ಟು ಹೊತ್ತಾಗುತ್ತದೆ, ಕಾರಣ ಇದು" ಅಂತ ಹೇಳಲು ಒಬ್ಬರಿರಲಿ. ರಾತ್ರಿ ಪಾಳಿಯಲ್ಲಿ ಯಾರೂ ಒಂಟಿಯಾಗಿರದಿರಲಿ.

ತಿಳಿದೇ ಹೊಡೆದವರ ಮೇಲೆ ಕೇಸ್ ಆಗಲಿ, ಶಿಕ್ಷೆಯೂ ಆಗಲಿ. ಆ ಕೆಲಸ ಕೋರ್ಟಿನದು, ವಾರ್ಡಿನದಲ್ಲ. ಪೊಲೀಸರಿಗೆ ದೂರನ್ನು ಆಸ್ಪತ್ರೆಯೇ ಕೊಡಲಿ, ಏಟು ತಿಂದ ನರ್ಸ್ ಠಾಣೆಗೆ ಅಲೆಯುವಂತಾಗಬಾರದು. ಅವರಿಗೆ ಸಂಬಳ ಸಹಿತ ರಜೆ ಸಿಗಲಿ. ವಾಪಸ್ ಬಂದ ಮೊದಲ ದಿನ ಅದೇ ವಾರ್ಡಿಗೆ ಅವರೊಬ್ಬರನ್ನೇ ಕಳಿಸಬೇಡಿ.